ಬೋಳು ತಲೆಗೆ ಬೋರ್ ನೀರು ಏನು ಮಾಡೀತು?

ಕಲಬುರಗಿಯಲ್ಲಿ ಯಾರ ತಲೆ ಬೋಳಾದರೂ ಮೊದಲ ಬೈಗುಳ ಬೋರ್ ನೀರಿಗೆ, ಎರಡನೆಯದು ಹೆಲ್ಮೆಟ್‌ಗೆ, ಕೊನೆಗೆ ಅವ್ವನ ತವರಿಗೆ.

ಮೊದಲ ಎರಡನ್ನು ಬಿಟ್ಟುಬಿಡಿ. ಸವುಳು ನೀರಿಗೆ ಕೂದಲು ಒರಟಾಗುತ್ತದೆ, ನಿಜ. ಆದರೆ ಅದೇ ನೀರು ಹಿಂದಲೆಗೂ ಬೀಳುತ್ತದಲ್ವಾ? ಅಲ್ಲಿ ಮಾತ್ರ ಕೂದಲು ಯಾಕೆ ಗಟ್ಟಿಯಾಗಿ ನಿಂತಿದೆ? ಹೆಲ್ಮೆಟ್ ನೆಪದಿಂದ ಆಗೋದು ಇಷ್ಟೇ, ದಂಡ ಕಟ್ಟೋದು.

ತವರಿನ ಮೇಲಿನ ಆರೋಪ ಅರ್ಧ ನಿಜ. ಗಂಡುಮಕ್ಕಳಿಗೆ ಎಕ್ಸ್ ಕ್ರೋಮೋಸೋಮ್ ಬರೋದು ಅವ್ವನಿಂದ. ಗಂಡು ಹಾರ್ಮೋನಿಗೆ ಸ್ಪಂದಿಸುವ ಆಂಡ್ರೊಜನ್ ರಿಸೆಪ್ಟರ್ ಜೀನ್ ಇರೋದು ಅದರ ಮೇಲೇ. ಆದರೆ 2017ರಲ್ಲಿ ಬ್ರಿಟನ್ನಿನ ಸುಮಾರು 52 ಸಾವಿರ ಗಂಡಸರ ಡಿಎನ್‌ಎ ಜಾಲಾಡಿದಾಗ ಬೋಳಿನ ನಂಟಿರುವ 287 ಜಾಗ ಸಿಕ್ಕವು. ಎಕ್ಸ್ ಮೇಲಿದ್ದವು 40 ಮಾತ್ರ. ಉಳಿದವು ಅಪ್ಪನಿಂದಲೂ ಬರುತ್ತವೆ. ವರನ ಮಾಮಾನ ತಲೆ ನೋಡಿ ಲೆಕ್ಕ ಹಾಕುವ ಬೀಗರು ಅಪ್ಪನ ಟೊಪ್ಪಿಗೆಯನ್ನೂ ಒಮ್ಮೆ ತೆಗೆಸಿ ನೋಡಲಿ.

ಒಂದು ಕೆಲಸ ಮಾಡಿ. ನೆತ್ತಿಯ ಒಂದು ಕೂದಲು, ಕಿವಿ ಹಿಂದಿನ ಒಂದು ಕೂದಲು ಬಿಳಿ ಹಾಳೆ ಮೇಲೆ ಇಟ್ಟು ನೋಡಿ. ಬೋಳಾಗುತ್ತಿರುವ ತಲೆಯಾದರೆ ಕಿವಿ ಹಿಂದಿನದು ದಪ್ಪ, ಕಪ್ಪು. ನೆತ್ತಿಯದು ಕೂಸಿನ ಕೂದಲಿನಷ್ಟು ತೆಳ್ಳಗೆ, ಗಿಡ್ಡ. ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್‌ನಿಂದ ತಯಾರಾಗುವ ಡಿಎಚ್‌ಟಿ ಎಂಬ ಇನ್ನೊಂದು ಹಾರ್ಮೋನ್ ನೆತ್ತಿಯ ಬೇರುಗಳನ್ನು ವರ್ಷವರ್ಷ ಕುಗ್ಗಿಸುತ್ತದೆ. ಉಳ್ಳಾಗಡ್ಡಿ ರಸ ಇದನ್ನು ತಡೆಯೋದಿಲ್ಲ. ಅದನ್ನು ಹಚ್ಚಿಕೊಂಡು ಆಫೀಸಿಗೆ ಬರೋರ ಪಕ್ಕ ಕೂತವರಿಗೇ ಗೊತ್ತು ಅದರ ಪ್ರಭಾವ.

ಕೆಲಸ ಮಾಡೋದು ಮುಖ್ಯವಾಗಿ ಎರಡು. ಮಿನಾಕ್ಸಿಡಿಲ್ ಮೊದಲು ಬಿಪಿ ಮಾತ್ರೆ. ನುಂಗಿದವರ ಮೈಮೇಲೆಲ್ಲ ಕೂದಲು ಬೆಳೆದದ್ದು ನೋಡಿ ತಲೆಗೆ ಹಚ್ಚುವ ಔಷಧ ಮಾಡಿದರು. ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿತು. ಹಚ್ಚಿದ ಮೊದಲ ವಾರಗಳಲ್ಲಿ ಕೂದಲು ಇನ್ನೂ ಜಾಸ್ತಿ ಉದುರಬಹುದು. ಅಲ್ಲೇ ಹೆದರಿ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಇನ್ನೊಂದು ಫಿನಾಸ್ಟೆರೈಡ್ ಮಾತ್ರೆ, ಬೋಳಿಗೆಂದು ಅಮೆರಿಕದಲ್ಲಿ 1997ರಲ್ಲಿ ಒಪ್ಪಿಗೆ ಸಿಕ್ಕಿತು. ಡಿಎಚ್‌ಟಿ ತಯಾರಿಯನ್ನೇ ತಗ್ಗಿಸುತ್ತದೆ. ಕೆಲವರಿಗೆ ಕಾಮಾಸಕ್ತಿ ಕಡಿಮೆಯಾಗೋದು, ಮನಸ್ಸು ಕುಗ್ಗೋದು ಉಂಟು. ಅದಕ್ಕೇ ಚರ್ಮದ ಡಾಕ್ಟರನ್ನು ಕೇಳದೆ ಸುಮ್ನೆ ಮೆಡಿಕಲ್‌ನಲ್ಲಿ ಕೊಂಡು ನುಂಗಬೇಡಿ. ಎರಡರಲ್ಲಿ ಯಾವುದನ್ನು ನಿಲ್ಲಿಸಿದರೂ ಅದರಿಂದ ಬಂದ ಕೂದಲು ವಾಪಸ್ ಹೋಗುತ್ತದೆ.

ನನಗೆ ಕಳವಳ ಇಪ್ಪತ್ತೆರಡಕ್ಕೇ ಮದುವೆ ಅವಸರದಲ್ಲಿ ಹೈದರಾಬಾದಿಗೆ ಹೋಗಿ ಕೂದಲು ನೆಡಿಸಿಕೊಳ್ಳುವ ಹುಡುಗರದು. ಹಿಂದಲೆಯ ಬೇರು ಮುಂದೆ ನೆಟ್ಟರೂ ತನ್ನ ಗುಣ ಬಿಡೋದಿಲ್ಲ, ನಿಲ್ಲುತ್ತದೆ. ಆದರೆ ಸುತ್ತಲಿನ ಹಳೆ ಕೂದಲು ಉದುರುತ್ತಲೇ ಇರುತ್ತದೆ. ಔಷಧ ಬಿಟ್ಟವರಿಗೆ ನಲವತ್ತರ ಹೊತ್ತಿಗೆ ಹಣೆ ಮೇಲೊಂದು ಪಟ್ಟಿ, ಅದರ ಹಿಂದೆ ಬಯಲು. ಮತ್ತೆ ನೆಡೋಣ ಅಂದರೆ ಹಿಂದಲೆಯಲ್ಲಿ ಕೀಳೋಕೆ ಬೇರು ಉಳಿದಿರಬೇಕಲ್ಲ?