ಕಸ ತಿನ್ನುವ ಕಪ್ಪೆ ಬಂತು, ದಾರಿ ಬಿಡಿ

ಮುಂಬಯಿಯ ನಮ್ಮ ಉಪನಗರದ ಗಾರ್ಡನ್ನಿಗೆ ಈ ಮಳೆಗಾಲಕ್ಕೆ ಹೊಸ ಕಪ್ಪೆ ಬಂದಿದೆ. ನಾಲ್ಕಡಿ ಎತ್ತರ, ಫೈಬರ್ ಮೈ, ಪೂರ್ತಿ ತೆರೆದ ಬಾಯಿ, ಹೊಟ್ಟೆ ಮೇಲೆ ‘ಯೂಸ್ ಮಿ’. ಕಸ ತಿನ್ನುತ್ತದೆ. ಉದ್ಘಾಟನೆಯ ದಿನ ಹಾರ ಹಾಕೋಕೆ ಕಪ್ಪೆಗೆ ಕುತ್ತಿಗೆ ಎಲ್ಲಿದೆ ಅಂತ ಹುಡುಕೋದರಲ್ಲೇ ಹತ್ತು ನಿಮಿಷ ಹೋಯಿತು.

ಹೋದ ವರ್ಷದ ತನಕ ಇಲ್ಲಿ ಜೀವ ಇರುವ ಕಪ್ಪೆಗಳಿದ್ದವು. ಮೂಲೆಯಲ್ಲೊಂದು ಹೊಂಡ, ಮೊಣಕಾಲು ಮುಳುಗದಷ್ಟು ನೀರು, ಸುತ್ತ ಹುಲ್ಲು, ಅಷ್ಟೇ. ಜೂನಿನಲ್ಲಿ ಮಳೆ ಬಿದ್ದದ್ದೇ ತಡ, ಗೋಂಕುರು ಕಪ್ಪೆ ಅರಿಶಿನ ಹಚ್ಚಿದ ಮದುಮಗನ ಹಾಗೆ ಹಳದಿಯಾಗಿ ಕೂಗುತ್ತಿತ್ತು. ನೀರಿನ ಮೇಲೆ ಬಾಗಿದ ಕೊಂಬೆಗೆ ಮರಗಪ್ಪೆ ನೊರೆಯ ಗೂಡು ಕಟ್ಟುತ್ತಿತ್ತು, ಗೊದಮೊಟ್ಟೆಗಳು ಸೀದಾ ನೀರಿಗೇ ಬೀಳಲಿ ಅಂತ. ನೆಲಗಪ್ಪೆ ಪಾಪ, ಇಷ್ಟೂ ಕೇಳುವುದಿಲ್ಲ. ಕುಂಡದಡಿಯೋ ತರಗೆಲೆಯಡಿಯೋ ಚೂರು ತೇವ ಇದ್ದರೆ ಹಗಲು ಕಳೆಯುತ್ತದೆ, ರಾತ್ರಿ ದೀಪದ ಕಂಬದ ಕೆಳಗೆ ಹುಳ ತಿಂದು ಹೋಗುತ್ತದೆ. ಮುಂಬಯಿಯಲ್ಲಿ ಇದಕ್ಕಿಂತ ಕಡಿಮೆ ಜಾಗ ಕೇಳುವವರು ಯಾರಿದ್ದಾರೆ ಹೇಳಿ! ಮೊಟ್ಟೆ ಇಡೋಕೆ ಮಾತ್ರ ಅದಕ್ಕೂ ನೀರು ಬೇಕು.

ಆಮೇಲೆ ಸುಂದರೀಕರಣ ಆಯಿತು. ಹೊಂಡಕ್ಕೆ ನೆಟ್ಟಗಿನ ಸಿಮೆಂಟ್ ಗೋಡೆ, ನೀಲಿ ಟೈಲ್ಸ್, ಕಾರಂಜಿ. ಕಾಲು ಮೂಡಿದ ನೆಲಗಪ್ಪೆ ಮರಿ ಆ ಗೋಡೆ ಹತ್ತಿ ಹೊರಗೆ ಬರೋದು ಹೇಗೆ ಅಂತ ಯಾರೂ ಕೇಳಲಿಲ್ಲ. ಸೊಳ್ಳೆ ಬರಬಾರದು ಅಂತ ಬಿಟ್ಟ ಗಪ್ಪಿ ಮೀನುಗಳು ಕಪ್ಪೆ ಮೊಟ್ಟೆಯನ್ನೂ ಬಿಡಲಿಲ್ಲ. ಮಣ್ಣಿಗೆ ಪೇವರ್ ಬ್ಲಾಕ್ ಹಾಸಿದರು. ಈಗ ದಿನಾ ಬೆಳಿಗ್ಗೆ ತರಗೆಲೆ ಗುಡಿಸಿ, ಅಂದರೆ ನೆಲಗಪ್ಪೆಯ ಮನೆಯನ್ನೇ ಗುಡಿಸಿ, ಫೈಬರ್ ಕಪ್ಪೆಯ ಬಾಯಿಗೆ ತುರುಕುತ್ತಾರೆ.

"ಎಂತ ಮಾರಾಯ್ರೆ, ಇದ್ದ ಕಪ್ಪೆ ಓಡಿಸಿ ಕಪ್ಪೆ ತಂದದ್ದಾ?" ಅಂದರು ವಾಕಿಂಗ್ ಜೊತೆಗಾರ ಶೆಟ್ರು.

"ಜೀವ ಇರೋ ಕಪ್ಪೆನ ತಕ್ಕಡಿಗೆ ಹಾಕೋಕಾಗಲ್ಲ ಶೆಟ್ರೇ. ಇದನ್ನ ತೂಗಬಹುದು, ಬಿಲ್ಲೂ ಮಾಡಬಹುದು."

ಗೋವಾದಲ್ಲಿ ಮಳೆಗಾಲಕ್ಕೆ ಗೋಂಕುರು ಕಪ್ಪೆಯನ್ನು ‘ಜಂಪಿಂಗ್ ಚಿಕನ್’ ಅಂತ ಕದ್ದು ತಿನ್ನುವವರಿದ್ದಾರೆ. ಸಿಕ್ಕಿಬಿದ್ದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕೇಸು. ಕಪ್ಪೆ ಹಿಡಿದರೆ ಕೇಸು, ಅದರ ಹೊಂಡಕ್ಕೆ ಟೈಲ್ಸ್ ಹಾಕಿದರೆ ಶಾಲು!

ನಿನ್ನೆ ರಾತ್ರಿ ಮಳೆ ನಿಂತ ಮೇಲೆ ಆ ಕಡೆ ಹೋಗಿದ್ದೆ. ಫೈಬರ್ ಕಪ್ಪೆಯ ತಳ ಒಡೆದು ಬಾಳೆಹಣ್ಣಿನ ಸಿಪ್ಪೆಯ ನೀರು ಸೋರುತ್ತಿತ್ತು. ಕೆಳಗಿನ ಸಂದಿಯಲ್ಲಿ ತೇವ, ತುಂಬ ನೊಣ, ನಡುವೆ ಆರಾಮಾಗಿ ಕೂತ ಒಂದು ದಪ್ಪ ನೆಲಗಪ್ಪೆ. ಖುಷಿಗೆ ಬೆಳಿಗ್ಗೆ ಸುಮ್ನೆ ಇರಲಾರದೆ ಗಾರ್ಡನ್ ಸಾಹೇಬರಿಗೆ ಹೇಳಿಬಿಟ್ಟೆ. ಅವರು ತಕ್ಷಣ ಫೋನ್ ತೆಗೆದು ಕಂಟ್ರಾಕ್ಟರಿಗೆ ಹೇಳಿದರು: "ಕಪ್ಪೆ ಅಡಿಯಲ್ಲಿ ಕಪ್ಪೆ ಸೇರ್ಕೊಂಡಿದೆಯಂತೆ. ನಾಳೆನೇ ಸಿಮೆಂಟ್ ತುಂಬಿ."