ಪ್ಲಾನ್‌ನಲ್ಲಿ ಪಕ್ಕದ ಮನೆಯೂ ಇರಲಿ

ಇಂಗ್ಲೆಂಡಿನಲ್ಲಿ ಮನೆ ತಗೊಂಡ ನಮ್ಮ ಕನ್ನಡದ ಕುಟುಂಬಗಳಲ್ಲಿ ಕೆಲವು ವರ್ಷ ಕಳೆಯುವಷ್ಟರಲ್ಲಿ ಒಂದು ಮಾತು ಶುರುವಾಗುತ್ತದೆ. "ಹಿಂದೆ ಒಂದು ಎಕ್ಸ್‌ಟೆನ್ಷನ್ ಹಾಕಿಸೋಣ." ಅಪ್ಪ ಅಮ್ಮ ಊರಿಂದ ಬಂದು ಆರು ತಿಂಗಳು ಇರ್ತಾರೆ, ಮೆಟ್ಟಿಲು ಹತ್ತೋಕೆ ಅವರಿಗೆ ಕಷ್ಟ, ಕೆಳಗೊಂದು ರೂಮು ಬೇಕು. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಜಾಗವೇ ಇರಲ್ಲ. ದೇವರಿಗೂ ಒಂದು ಮೂಲೆ ಆಗಬೇಕು. ಇವೆಲ್ಲ ನ್ಯಾಯವಾದ ಆಸೆಗಳೇ. ಆದರೆ ಕಟ್ಟಲು ಒಪ್ಪಿಗೆ ಕೇಳಿ ಕೌನ್ಸಿಲ್‌ಗೆ (ಸ್ಥಳೀಯ ಆಡಳಿತಕ್ಕೆ) ಕೊಡುವ ಡ್ರಾಯಿಂಗ್ ವಿಷಯ ಬಂದಾಗ ಮಾತ್ರ ನಾವು ಯಾರೋ ಒಬ್ಬರಿಗೆ ದುಡ್ಡು ಕೊಟ್ಟು ಕೈ ತೊಳೆದುಕೊಳ್ಳುತ್ತೇವೆ. ಅದು ಸರಿಯಲ್ಲ ಅಂತ ಹೇಳೋಕೇ ಈ ಬರಹ.

ನಮ್ಮ ಊರಿನ ಅಭ್ಯಾಸವೂ ಇದಕ್ಕೆ ಒಂದು ಕಾರಣ ಇರಬಹುದು. ಬೆಂಗಳೂರಿನಲ್ಲಿ ಸೈಟಿನ ಅಳತೆ, ರಸ್ತೆಯ ಅಗಲ ನೋಡಿ ಎಷ್ಟು ಸೆಟ್‌ಬ್ಯಾಕ್ (ಸುತ್ತ ಬಿಡಬೇಕಾದ ಜಾಗ), ಎಷ್ಟು ಎಫ್‌ಎಆರ್ (ಸೈಟಿನ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು) ಅಂತ ಲೆಕ್ಕ ಹಾಕುತ್ತಾರೆ. ಲೆಕ್ಕ ಕೂಡಿದರೆ ಪ್ಲಾನ್ ಸರಿ. ಇಲ್ಲಿ ಹಾಗಲ್ಲ. 1947ರ ಟೌನ್ ಆಂಡ್ ಕಂಟ್ರಿ ಪ್ಲಾನಿಂಗ್ ಕಾಯ್ದೆ ಬಂದ ಮೇಲೆ, ಜಾಗ ನಿಮ್ಮದಾದ ಮಾತ್ರಕ್ಕೆ ಅಲ್ಲಿ ಕಟ್ಟುವ ಹಕ್ಕು ತಾನಾಗೇ ಬರುವುದಿಲ್ಲ. ಪ್ರತಿ ಅರ್ಜಿಯನ್ನೂ ಒಬ್ಬ ಅಧಿಕಾರಿ ತೂಗಿ ನೋಡುತ್ತಾರೆ. ಪಕ್ಕದವರಿಗೆ ಬೆಳಕು ಕಡಿಮೆ ಆಗುತ್ತಾ, ಅವರ ಹಿತ್ತಿಲಿನೊಳಗೆ ಇಣುಕಿ ನೋಡಿದ ಹಾಗೆ ಆಗುತ್ತಾ, ಬೀದಿಗೆ ಹೊಂದುತ್ತಾ ಅಂತ ಯೋಚಿಸುತ್ತಾರೆ. ಅವರ ಮುಂದೆ ಮುಖ್ಯವಾಗಿ ಇರುವುದು ನಿಮ್ಮ ಡ್ರಾಯಿಂಗ್. ನಿಮ್ಮ ಪರವಾಗಿ ಮಾತಾಡಬೇಕಾದ್ದು ಅದೇ.

ಮೊದಲು ಒಂದು ವಿಷಯ. ಎಲ್ಲದಕ್ಕೂ ಪರ್ಮಿಷನ್ ಬೇಕಿಲ್ಲ. ಪರ್ಮಿಟೆಡ್ ಡೆವಲಪ್‌ಮೆಂಟ್ ಅಂತ ಒಂದು ವಿನಾಯಿತಿ ಇದೆ. ಹಿಂಭಾಗದಲ್ಲಿ ಒಂದೇ ಅಂತಸ್ತಿನ ಎಕ್ಸ್‌ಟೆನ್ಷನ್ ಆದರೆ ಸೆಮಿ (ಒಂದು ಪಕ್ಕದ ಮನೆಗೆ ಅಂಟಿದ್ದು) ಅಥವಾ ಟೆರೇಸ್ (ಸಾಲಾಗಿ ಅಂಟಿಕೊಂಡ) ಮನೆಗೆ 3 ಮೀಟರ್, ಡಿಟ್ಯಾಚ್ಡ್ (ಬಿಡಿ) ಮನೆಗೆ 4 ಮೀಟರ್‌ವರೆಗೆ ಹೋಗಬಹುದು. ಪಕ್ಕದವರ ಅಭಿಪ್ರಾಯ ಕೇಳುವ ಇನ್ನೊಂದು ದಾರಿಯಲ್ಲಿ ಹೋದರೆ 6 ಮತ್ತು 8 ಮೀಟರ್‌ವರೆಗೂ ಸಾಧ್ಯ. ಎತ್ತರ 4 ಮೀಟರ್ ದಾಟಬಾರದು. ಗಡಿಯಿಂದ 2 ಮೀಟರ್ ಒಳಗಿದ್ದರೆ ಸೂರಿನ ಎತ್ತರ 3 ಮೀಟರ್ ಮೀರಬಾರದು. ಆದರೆ ಈ ಅಳತೆ ಶುರುವಾಗುವುದು ಮೂಲ ಮನೆಯ ಗೋಡೆಯಿಂದ. ಮೂಲ ಮನೆ ಅಂದರೆ 1948ರ ಜುಲೈ 1ರಂದು ಇದ್ದ ಮನೆ, ಅದಕ್ಕಿಂತ ಈಚಿನದಾದರೆ ಮೊದಲು ಕಟ್ಟಿದ ಹಾಗಿದ್ದ ಮನೆ. ನಿಮಗಿಂತ ಹಿಂದೆ ಇದ್ದವರು ಒಂದು ಸನ್‌ರೂಮ್ ಕಟ್ಟಿದ್ದರೆ ಅದೂ ನಿಮ್ಮ ಲೆಕ್ಕಕ್ಕೇ ಬರುತ್ತದೆ. ಫ್ಲ್ಯಾಟ್‌ಗಳಿಗೆ ಈ ವಿನಾಯಿತಿ ಇಲ್ಲ. ಕನ್ಸರ್ವೇಶನ್ ಏರಿಯಾ (ಹಳೆಯ ರೂಪ ಉಳಿಸಲು ಗುರುತಿಸಿದ ಪ್ರದೇಶ) ಆದರೆ ನಿಯಮ ಇನ್ನೂ ಬಿಗಿ. ಪರ್ಮಿಷನ್ ಬೇಡ ಅನ್ನುವುದು ಖಚಿತವಾದರೂ ಕಟ್ಟಿದ್ದು ಕಾನೂನುಬದ್ಧ ಅಂತ ಕೌನ್ಸಿಲ್ ಕೊಡುವ ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟ್ ತೆಗೆದಿಟ್ಟುಕೊಳ್ಳಿ. ಮುಂದೆ ಮನೆ ಮಾರುವಾಗ ಸಾಲಿಸಿಟರ್ (ವಕೀಲರು) ಕೇಳೇ ಕೇಳುತ್ತಾರೆ.

ಪರ್ಮಿಷನ್ ಬೇಕೇ ಬೇಕು ಅಂತಾದರೆ ಕಾಗದಗಳ ಪಟ್ಟಿ ಅಷ್ಟೇನೂ ದೊಡ್ಡದಲ್ಲ. ಸಾಮಾನ್ಯವಾಗಿ 1:1250 ಸ್ಕೇಲ್‌ನ ಲೊಕೇಶನ್ ಪ್ಲಾನ್, ಅದರಲ್ಲಿ ನಿಮ್ಮ ಜಾಗದ ಸುತ್ತ ಕೆಂಪು ಗೆರೆ. ಹತ್ತಿರದಲ್ಲೇ ನಿಮ್ಮದೇ ಬೇರೆ ಜಾಗ ಇದ್ದರೆ ಅದಕ್ಕೆ ನೀಲಿ ಗೆರೆ. 1:500 ಅಥವಾ 1:200ರಲ್ಲಿ ಬ್ಲಾಕ್ ಪ್ಲಾನ್, ಅಂದರೆ ಜಾಗದೊಳಗೆ ಮನೆ ಎಲ್ಲಿದೆ ಅನ್ನುವ ನಕ್ಷೆ. ಆಮೇಲೆ 1:50 ಅಥವಾ 1:100ರಲ್ಲಿ ಈಗಿರುವ ಮನೆ ಮತ್ತು ಆಗಬೇಕಾದ ಮನೆ, ಎರಡರದ್ದೂ ಫ್ಲೋರ್ ಪ್ಲಾನ್, ಎಲಿವೇಶನ್ (ಹೊರಗಿನಿಂದ ಕಾಣುವ ನೋಟ). ಉತ್ತರ ದಿಕ್ಕಿನ ಗುರುತು, ಸ್ಕೇಲ್ ಪಟ್ಟಿ ಇರಲಿ. ನಕ್ಷೆಯನ್ನು ಗೂಗಲ್ ಮ್ಯಾಪ್‌ನಿಂದ ಸ್ಕ್ರೀನ್‌ಶಾಟ್ ತೆಗೆದು ಹಾಕುವ ಹಾಗಿಲ್ಲ. ಲೈಸೆನ್ಸ್ ಇರುವ ನಕ್ಷೆ ಕೊಂಡುಕೊಳ್ಳಬೇಕು.

ನನಗೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವುದು, ಯಾರೂ ಸರಿಯಾಗಿ ನೋಡದ "ಈಗಿರುವ ಮನೆ"ಯ ಡ್ರಾಯಿಂಗ್. ಹೊಸ ಅಡುಗೆಮನೆಯ ಚಿತ್ರವನ್ನು ಮನೆಮಂದಿಯೆಲ್ಲ ಸುತ್ತ ಕೂತು ನೋಡುತ್ತಾರೆ. ಹಳೆಯದರ ಹಾಳೆ ತಿರುಗಿಸಿಯೂ ನೋಡಲ್ಲ. ನಾವು ಮೊದಲು ಮಾತಾಡಿದ ಒಬ್ಬರು ಮನೆಗೆ ಬರಲೇ ಒಪ್ಪಲಿಲ್ಲ. ಎಸ್ಟೇಟ್ ಏಜೆಂಟ್ ಹಾಕಿದ್ದ ಫ್ಲೋರ್ ಪ್ಲಾನ್ ಕಳಿಸಿ, ಅದರ ಮೇಲೇ ಮಾಡಿಕೊಡ್ತೀನಿ ಅಂದರು. ಮನೆ ಮಾರಲು ಮಾಡಿದ ಆ ಚಿತ್ರದಲ್ಲಿ ಗೋಡೆಯ ದಪ್ಪವೂ ಸರಿ ಇರಲಿಲ್ಲ, ಹಿತ್ತಿಲಿನ ಇಳಿಜಾರಂತೂ ಇರಲೇ ಇಲ್ಲ. ನಾವು ಬೇಡ ಅಂದೆವು. 1930ರ ದಶಕದ ಸೆಮಿ ಮನೆ ನಮ್ಮದು. ಬಾಗಿಲಿನ ಕಡೆಗಿಂತ ಬೇಲಿಯ ಕಡೆ ನೆಲ ತಗ್ಗಾಗಿದೆ. ಚಪ್ಪಟೆ ನೆಲ ಅಂತ ಬರೆದರೆ ಪಕ್ಕದವರ ಕಡೆಯಿಂದ ಗೋಡೆ ಎಷ್ಟು ಎತ್ತರ ಕಾಣುತ್ತದೆ ಅನ್ನುವುದೇ ಸುಳ್ಳಾಗುತ್ತದೆ.

ಇನ್ನು ಪಕ್ಕದ ಮನೆ. ನಮ್ಮ ಪ್ಲಾನ್‌ನಲ್ಲಿ ಅವರ ಕಿಟಕಿ ಯಾಕೆ ಬರೆಯಬೇಕು ಅಂತ ತುಂಬಾ ಜನ ಕೇಳುತ್ತಾರೆ. ಬರೆಯಲೇಬೇಕು ಅಂತ ನಾನು ಹಟ ಹಿಡಿಯುತ್ತೇನೆ. ಅನೇಕ ಕೌನ್ಸಿಲ್‌ಗಳು 45 ಡಿಗ್ರಿ ನಿಯಮ ನೋಡುತ್ತವೆ. ಪಕ್ಕದವರು ದಿನಾ ಬಳಸುವ ರೂಮಿನ, ನಿಮಗೆ ಹತ್ತಿರದ ಕಿಟಕಿಯ ನಡುವಿನಿಂದ 45 ಡಿಗ್ರಿ ಕೋನದಲ್ಲಿ ಒಂದು ಗೆರೆ ಎಳೆಯುತ್ತಾರೆ. ನಿಮ್ಮ ಎಕ್ಸ್‌ಟೆನ್ಷನ್ ಆ ಗೆರೆಯನ್ನು ದಾಟಿದರೆ ಅವರಿಗೆ ಬೆಳಕು ಕಡಿಮೆ ಆಗುತ್ತದಾ ಅನ್ನುವ ಪ್ರಶ್ನೆ ಏಳುತ್ತದೆ. ನೀವು ಕಿಟಕಿಯನ್ನು ಬಿಟ್ಟುಬಿಟ್ಟರೆ ಗೆರೆಯೇನೂ ಮಾಯ ಆಗಲ್ಲ. ಅಧಿಕಾರಿ ಬಂದು ನೋಡಿದಾಗ ಕಿಟಕಿ ಅಲ್ಲೇ ಇರುತ್ತದೆ. ಆಮೇಲೆ ಅವರು ನಿಮ್ಮ ಉಳಿದ ಅಳತೆಗಳನ್ನೂ ಅನುಮಾನದಿಂದಲೇ ನೋಡುತ್ತಾರೆ.

ಅದೂ ಅಲ್ಲದೆ ಆ ಡ್ರಾಯಿಂಗ್ ಕೌನ್ಸಿಲ್ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುತ್ತದೆ. ಅಭಿಪ್ರಾಯ ಹೇಳಲು 21 ದಿನ ಕೊಡುತ್ತಾರೆ. ಬೇಲಿಯಾಚೆ ದಿನಾ ನಮಸ್ಕಾರ ಹೇಳುವವರಿಗೆ ನಿಮ್ಮ ಮನೆಯ ವಿಷಯ ಕೌನ್ಸಿಲ್ ಪತ್ರದಿಂದ ಗೊತ್ತಾಗಬೇಕಾ? ನಮ್ಮ ಪಕ್ಕದಲ್ಲಿ ವಯಸ್ಸಾದ ಒಬ್ಬರು ಒಂಟಿಯಾಗಿದ್ದಾರೆ. ಅರ್ಜಿ ಹಾಕುವ ಮೊದಲೇ ನಾವು ಹಾಳೆ ಹಿಡಿದು ಅವರ ಮನೆಗೆ ಹೋದೆವು. ಬೆಳಗ್ಗೆ ಟೀ ಕುಡಿಯುತ್ತಾ ಕೂರುವ ಕಿಟಕಿ ಯಾವುದು ಅಂತ ಅವರೇ ತೋರಿಸಿದರು. ಆ ಕಡೆಯ ಗೋಡೆಯನ್ನು ಸ್ವಲ್ಪ ಒಳಗೆ ತಂದು, ಚಾವಣಿಯನ್ನು ತಗ್ಗಿಸಿದೆವು. ನಮ್ಮ ರೂಮು ಕೊಂಚ ಚಿಕ್ಕದಾಯಿತು. ಅಮ್ಮನ ಮಂಚ, ಬೀರು ಈಗಲೂ ಆರಾಮಾಗಿ ಹಿಡಿಯುತ್ತವೆ. ನೆರೆಯವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಅಂತ ನಾನು ಹೇಳುತ್ತಿಲ್ಲ. ಮನೆಯ ಬೆಲೆ ಇಳಿಯುತ್ತದೆ, ದೂರದ ನೋಟ ತಪ್ಪುತ್ತದೆ ಅನ್ನುವುದನ್ನು ಕೌನ್ಸಿಲ್ ಕೂಡ ಲೆಕ್ಕಕ್ಕೆ ತಗೊಳ್ಳಲ್ಲ. ಬೆಳಕು ಮತ್ತು ಖಾಸಗಿತನದ ಮಾತು ಬೇರೆ.

ಪಾಯ ಅಥವಾ ಗಟರ್ ಪಕ್ಕದವರ ಜಾಗಕ್ಕೆ ಒಂದಿಷ್ಟು ದಾಟಿದರೂ ಅರ್ಜಿಯಲ್ಲಿ ಸರ್ಟಿಫಿಕೇಟ್ ಎ (ಜಾಗವೆಲ್ಲ ನಮ್ಮದೇ ಅನ್ನುವ ಘೋಷಣೆ) ಹಾಕುವ ಹಾಗಿಲ್ಲ. ಅವರಿಗೆ ನೋಟಿಸ್ ಕೊಟ್ಟು ಸರ್ಟಿಫಿಕೇಟ್ ಬಿ ಹಾಕಬೇಕು. ನೆರೆಯವರ ಜೊತೆ ಹಂಚಿಕೊಂಡ ಗೋಡೆ, ಗಡಿಯ ಹತ್ತಿರದ ಪಾಯದ ಬಗ್ಗೆ ಇರುವ 1996ರ ಪಾರ್ಟಿ ವಾಲ್ ಕಾಯ್ದೆ, ಕಟ್ಟಡದ ಸುರಕ್ಷತೆ, ಗುಣಮಟ್ಟದ ಬಿಲ್ಡಿಂಗ್ ರೆಗ್ಯುಲೇಷನ್ಸ್, ಇವೆರಡೂ ಪ್ಲಾನಿಂಗ್‌ಗಿಂತ ಬೇರೆ. ಹಿತ್ತಿಲಲ್ಲಿ ಮ್ಯಾನ್‌ಹೋಲ್ ಮುಚ್ಚಳ ಇದ್ದರೆ ಅದನ್ನು ಮೊದಲೇ ಗುರುತು ಹಾಕಿಸಿ. ಸಾರ್ವಜನಿಕ ಒಳಚರಂಡಿಯ 3 ಮೀಟರ್ ಒಳಗೆ ಕಟ್ಟುವುದಾದರೆ ನೀರಿನ ಕಂಪನಿಯ ಒಪ್ಪಿಗೆ ಬೇಕಾಗುತ್ತದೆ.

ವಾಸ್ತು ಬಗ್ಗೆ ಕೇಳುವವರಿಗೆ ಒಂದು ಮಾತು. ಲಿಸ್ಟೆಡ್ (ಪಾರಂಪರಿಕ ಪಟ್ಟಿಯಲ್ಲಿರುವ) ಕಟ್ಟಡ ಅಲ್ಲದಿದ್ದರೆ ಒಳಗಿನ ಗೋಡೆ ಬದಲಿಸಲು ಪ್ಲಾನಿಂಗ್ ಪರ್ಮಿಷನ್ ಬೇಡ. ಒಲೆ ಆಗ್ನೇಯಕ್ಕೆ ಇರಲಿ, ದೇವರ ಮನೆ ಈಶಾನ್ಯಕ್ಕೆ ಇರಲಿ, ಅದು ನಿಮ್ಮ ಇಷ್ಟ. ಆದರೆ ಅದಕ್ಕಾಗಿ ಕಿಟಕಿಯ ಜಾಗ ಬದಲಾದರೆ ಎಲಿವೇಶನ್ ಬದಲಾಗುತ್ತದೆ. ಆದ್ದರಿಂದ ಆ ಚರ್ಚೆ ಅರ್ಜಿ ಹಾಕುವ ಮೊದಲೇ ಮುಗಿಯಲಿ.

ಡ್ರಾಯಿಂಗ್ ಯಾರು ಮಾಡಬೇಕು? ಕಾನೂನಿನ ಪ್ರಕಾರ ಯಾರಾದರೂ ಮಾಡಬಹುದು, ನೀವೇ ಕೂಡ. ಆದರೆ ಆರ್ಕಿಟೆಕ್ಟ್ ಅಂತ ಕರೆದುಕೊಳ್ಳಲು 1997ರ ಕಾಯ್ದೆಯಡಿ ಎಆರ್‌ಬಿಯಲ್ಲಿ (ಆರ್ಕಿಟೆಕ್ಟ್‌ಗಳ ನೋಂದಣಿ ಮಂಡಳಿಯಲ್ಲಿ) ಹೆಸರು ನೋಂದಣಿ ಆಗಿರಬೇಕು. ಸರಳವಾದ ಎಕ್ಸ್‌ಟೆನ್ಷನ್‌ಗೆ ಒಳ್ಳೆಯ ಡ್ರಾಫ್ಟ್ಸ್‌ಮನ್ ಸಾಕು ಅಂತ ನನ್ನ ಅಭಿಪ್ರಾಯ. ಅವರು ಟೇಪ್ ಹಿಡಿದು ಮನೆಗೆ ಬರ್ತಾರಾ, ಅಧಿಕಾರಿ ಪ್ರಶ್ನೆ ಕೇಳಿದರೆ ಉತ್ತರ ಕೊಡ್ತಾರಾ ಅಂತ ಮೊದಲು ಕೇಳಿ. ನಿಮ್ಮ ಬೀದಿಯಲ್ಲೇ ಒಪ್ಪಿಗೆ ಸಿಕ್ಕ ಹಳೆಯ ಅರ್ಜಿಗಳನ್ನು ಕೌನ್ಸಿಲ್ ವೆಬ್‌ಸೈಟಿನಲ್ಲಿ ಓದಿ. ತಿರಸ್ಕರಿಸಿದವುಗಳ ವರದಿಯನ್ನಂತೂ ಬಿಡಬೇಡಿ. ಅಧಿಕಾರಿಗಳು ಏನು ನೋಡುತ್ತಾರೆ ಅಂತ ಅದರಲ್ಲಿ ಬಿಡಿಸಿ ಬರೆದಿರುತ್ತಾರೆ.

ಈಗ ಅವಸರ ಮಾಡಿದರೆ ನಷ್ಟವೂ ಜಾಸ್ತಿ. ಹಿಂದೆಲ್ಲ ಅರ್ಜಿ ತಿರಸ್ಕಾರವಾದರೆ ವರ್ಷದೊಳಗೆ ಇನ್ನೊಮ್ಮೆ ಫೀಸಿಲ್ಲದೆ ಹಾಕಬಹುದಿತ್ತು. 2023ರ ಡಿಸೆಂಬರ್‌ನಲ್ಲಿ ಅದನ್ನು ತೆಗೆದರು. ಎಕ್ಸ್‌ಟೆನ್ಷನ್ ಅರ್ಜಿಯ ಫೀಸು 2025ರ ಏಪ್ರಿಲ್‌ನಲ್ಲಿ 258 ಪೌಂಡ್‌ನಿಂದ 528 ಪೌಂಡ್‌ಗೆ ಏರಿತು. 8 ವಾರದಲ್ಲಿ ತೀರ್ಮಾನ ಅನ್ನುತ್ತಾರೆ, ಆದರೆ ಆ ಲೆಕ್ಕ ಶುರುವಾಗುವುದು ಬೇಕಾದ ಕಾಗದ ಎಲ್ಲ ಸರಿಯಾಗಿ ಅವರ ಕೈ ಸೇರಿದ ಮೇಲೆ.

ಒಪ್ಪಿಗೆ ಪತ್ರ ಬಂದಾಗ ಅದರಲ್ಲಿ ಡ್ರಾಯಿಂಗ್ ನಂಬರ್‌ಗಳು ಇರುತ್ತವೆ. ಆ ಹಾಳೆಗಳಲ್ಲಿ ಇರುವ ಹಾಗೇ ಕಟ್ಟಬೇಕು ಅನ್ನುವ ಷರತ್ತೂ ಇರುತ್ತದೆ. ಬಿಲ್ಡರ್ ಬಂದು "ಇನ್ನೊಂದು ಅಡಿ ಮುಂದಕ್ಕೆ ತಗೊಳ್ಳೋಣ ಸರ್, ಯಾರು ನೋಡ್ತಾರೆ" ಅಂದರೆ ಒಪ್ಪಬೇಡಿ. ಆ ಹಾಳೆಯ ಒಂದು ಪ್ರತಿಯನ್ನು ಅವರ ಕೈಗೇ ಕೊಟ್ಟು, ಪಾಯ ತೋಡುವ ದಿನ ನೀವೂ ಅಲ್ಲಿ ನಿಂತು ಟೇಪ್ ಹಿಡಿಯಿರಿ.