ಲಿವರ್ ಫೈಲು ಬೇರೆ, ಕಿಡ್ನಿ ಫೈಲು ಬೇರೆ

ನಮ್ಮ ಸಿಂಧನೂರು ಕಡೆ ಕಣ್ಣು ಹಳದಿಯಾದರೆ ಮೊದಲು ಓಡುವುದು ಎಲೆ ಔಷಧಿ ಕೊಡುವವರ ಹತ್ತಿರ. ಅಕ್ಕನಿಗೂ ಹಾಗೇ ಆಯಿತು. "ಕಾಮಣಿ ಆಗೇತಿ, ಎಣ್ಣಿ-ಖಾರ ಬಿಡ್ರಿ" ಅಂದರು. ಮೂರು ವಾರ ಮಜ್ಜಿಗೆ ಅನ್ನ ಉಂಡಳು. ಹಳದಿ ಇಳಿಯಲಿಲ್ಲ, ಕಾಲು ಬಾತವು. ಮೂತ್ರದಲ್ಲಿ ನೊರೆ ಬರುತ್ತಿದೆ ಎನ್ನಲು ನಾಚಿ ಇನ್ನೊಂದು ವಾರ ಸುಮ್ಮನಿದ್ದಳು.

ಆಮೇಲೆ ರಾಯಚೂರು. ಲಿವರ್‌ಗೆ ಒಬ್ಬರು, ಕಿಡ್ನಿಗೆ ಒಬ್ಬರು. ಒಬ್ಬರ ಚೀಟಿಯನ್ನು ಇನ್ನೊಬ್ಬರು ಕೇಳಲಿಲ್ಲ, ತೋರಿಸಬೇಕೆಂದು ನಮಗೂ ಹೊಳೆಯಲಿಲ್ಲ. ಕೊನೆಗೆ ಬಳ್ಳಾರಿಯ ಹಿರಿಯ ವೈದ್ಯರೊಬ್ಬರು ಎರಡೂ ಫೈಲು ಮೇಜಿನ ಮೇಲೆ ಹರವಿ, "ಇವು ಎರಡು ರೋಗ ಅಲ್ಲ ಅನ್ನಸ್ತದವ್ವ" ಎಂದರು. ಹೆಪಟೈಟಿಸ್ ಬಿ, ಸಿ ಇಲ್ಲವೆಂದು ಮೊದಲು ಖಾತ್ರಿ ಮಾಡಿಕೊಂಡರು. ಆ ವೈರಸ್‌ಗಳೂ ಲಿವರ್ ಜೊತೆಗೆ ಕಿಡ್ನಿ ಕೆಡಿಸಬಲ್ಲವು. ಬಳಿಕ ಎಎನ್‌ಎ, ಐಜಿಜಿ ಎಂಬ ರಕ್ತ ಪರೀಕ್ಷೆಗಳು, ಎರಡೂ ಅಂಗಗಳ ಚೂರು ತೆಗೆದು ನೋಡುವ ಬಯಾಪ್ಸಿ. ಆಟೋಇಮ್ಯೂನ್ ಹೆಪಟೈಟಿಸ್, ಜೊತೆಗೆ ಕಿಡ್ನಿಯ ಉರಿಯೂತ.

ಮೈ ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿ ಬೀಳುವ ರೋಗವಿದು. ಹೆಂಗಸರಲ್ಲೇ ಹೆಚ್ಚು. ರೋಗದ ಜೊತೆ ಹೋರಾಡಲು ಮೈ ತಯಾರಿಸುವ ಪ್ರತಿಕಾಯಗಳು ರಕ್ತದಲ್ಲಿ ಗಂಟುಗಟ್ಟಿ ಕಿಡ್ನಿಯ ಜರಡಿಯಲ್ಲಿ ಸಿಕ್ಕಿಕೊಂಡರೆ ಅಲ್ಲೂ ಉರಿಯೂತ ಶುರು. ಐಜಿಎ ಎಂಬ ಪ್ರತಿಕಾಯವನ್ನು ರಕ್ತದಿಂದ ತೆಗೆಯುವ ಕೆಲಸ ಬಹುಪಾಲು ಲಿವರ್‌ನದು. ಲಿವರ್ ಗಟ್ಟಿಗಟ್ಟಿ ಸೋತರೆ ಅದು ಕಿಡ್ನಿಯಲ್ಲಿ ಕೂಡಬಹುದು. ಪಿತ್ತನಾಳಗಳನ್ನು ತಿನ್ನುವ ಪಿಬಿಸಿ ಎಂಬ ರೋಗದಲ್ಲಿ ಕಿಡ್ನಿಗೆ ಆಮ್ಲ ಹೊರಹಾಕಲು ಆಗದಿರುವುದೂ ಉಂಟು. ಎಲ್ಲರಿಗೂ ಹೀಗಾಗುವುದಿಲ್ಲ, ನಿಜ. ಆದರೆ ನೋಡದೆ ತಿಳಿಯುವುದು ಹೇಗೆ?

ಎಲೆ ಔಷಧಿ ಅಂದರೆ ಏನೂ ಆಗುವುದಿಲ್ಲ ಎಂಬ ನಂಬಿಕೆ ನಮ್ಮ ಮನೆಯಲ್ಲೂ ಇತ್ತು. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಇದೇ ಬಗೆಯ ಲಿವರ್ ಹಾನಿ ಕಂಡದ್ದನ್ನು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದ್ದರು. ಈ ರೋಗದಲ್ಲಿ ಕೀಲುನೋವು ಸಾಮಾನ್ಯ. ಅದಕ್ಕೆಂದು ಅಂಗಡಿಯಿಂದ ತಂದು ನುಂಗುವ ನೋವಿನ ಗುಳಿಗೆ ಮೊದಲೇ ಸೋತ ಕಿಡ್ನಿಗೆ ಇನ್ನಷ್ಟು ಪೆಟ್ಟು.

ಈಗ ಅಕ್ಕ ಮೈಮೇಲೆ ಬೀಳುವ ಆ ಶಕ್ತಿಯನ್ನು ತಗ್ಗಿಸುವ ಪ್ರೆಡ್ನಿಸೋಲೋನ್, ಅಜಾಥಿಯೋಪ್ರಿನ್ ಗುಳಿಗೆ ತಗೊಳ್ತಾಳೆ. ಕಾಲಿನ ಬಾವು ಇಳಿದಿದೆ. ಮೊನ್ನೆ ಕನ್ನಡಿ ನೋಡಿ, "ಮಾರಿ ಬಾತೈತಿ ತಮ್ಮಾ, ಜನ ಕೇಳ್ತಾರ, ಗುಳಿಗಿ ಬಿಟ್ಬಿಡ್ಲೇನು?" ಅಂದಳು. ಬೇಡವೆಂದು ಕೈ ಹಿಡಿದು ಹೇಳಿದೆ. ಈ ಗುಳಿಗೆ ಒಮ್ಮೆಲೇ ಬಿಟ್ಟರೆ ರೋಗ ಮತ್ತೆ ಎದ್ದು ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಕಡಿಮೆ ಮಾಡುವುದು ವೈದ್ಯರ ಕೆಲಸ, ಅದೂ ಮೆಲ್ಲಮೆಲ್ಲಗೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಆಟೋಇಮ್ಯೂನ್ ಲಿವರ್ ರೋಗವಿದ್ದರೆ ಮೂತ್ರದ ಪ್ರೋಟೀನ್, ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತದ ಕ್ರಿಯಾಟಿನಿನ್ ನೋಡಿದ್ದೀರಾ ಎಂದು ಡಾಕ್ಟರಿಗೆ ಕೇಳಿ. ಕಿಡ್ನಿ ಉರಿಯೂತ ಇದ್ದರೆ ಲಿವರ್ ಟೆಸ್ಟಿನ ಮಾತು ತೆಗೆಯಿರಿ. ಎರಡೂ ಫೈಲು ಒಂದೇ ಚೀಲದಲ್ಲಿ ಒಯ್ಯಿರಿ. ಮೂತ್ರದ ಟೆಸ್ಟಿಗೆ ದೊಡ್ಡ ಖರ್ಚೇನಿಲ್ಲ. ಅಕ್ಕನಿಗೆ ಅದನ್ನು ಮೊದಲ ವಾರವೇ ಮಾಡಿಸಬಹುದಿತ್ತು.